ಇ-ಕಾರಿನ ಬ್ಯಾಟರಿ ಬಿಸಿ, ಮೋಟಾರ್ ಸದ್ದು: ಮೊದಲು ಇಷ್ಟು ನೋಡಿ

ಫಾಸ್ಟ್ ಚಾರ್ಜ್ ಆದ ಮೇಲೆ, ಇಲ್ಲವೇ ಶಿರಾಡಿ ಘಾಟ್ ಹತ್ತಿದ ಮೇಲೆ ಬ್ಯಾಟರಿ ಬಿಸಿಯಾಗಿ, ಕಾರು ನಿಂತಿದ್ದರೂ ಫ್ಯಾನ್, ಪಂಪ್ ಓಡುವುದು ಮಾಮೂಲಿ. ಸುಮ್ಮನೆ ಊರೊಳಗೆ ಓಡಿಸಿದರೂ ಬಿಸಿಯಾಗುತ್ತಿದೆಯೇ? ಕಾರು ಪೂರ್ತಿ ತಣ್ಣಗಾದ ಮೇಲೆ ಕೂಲೆಂಟ್ (ಬ್ಯಾಟರಿಯನ್ನು ತಣ್ಣಗಿಡುವ ದ್ರವ) ನೋಡಿ. ಅದರ ಡಬ್ಬಿಯ ಮೇಲಿನ ಮಿನ್ (ಕನಿಷ್ಠ ಮಟ್ಟದ) ಗೆರೆಗಿಂತ ಕೆಳಗಿದ್ದರೆ ಎಲ್ಲೋ ಸೋರುತ್ತಿರಬಹುದು. ನಲ್ಲಿ ನೀರು ಮಾತ್ರ ಸುರಿಯಬೇಡಿ: ಅದು ಕರೆಂಟ್ ಹರಿಸುತ್ತದೆ, ತುಕ್ಕೂ ಹಿಡಿಸುತ್ತದೆ. ಹೈ ವೋಲ್ಟೇಜ್ ಹರಿಯುವ ಕಿತ್ತಳೆ ಬಣ್ಣದ ಕೇಬಲ್‌ಗಳ ತಂಟೆಗಂತೂ ಹೋಗಲೇಬೇಡಿ.

ಸದ್ದು ಬೇರೆ ಕಥೆ. ಖಾಲಿ ರಸ್ತೆಯಲ್ಲಿ 40 ಕಿ.ಮೀ. ವೇಗದಲ್ಲಿ ನ್ಯೂಟ್ರಲ್‌ಗೆ ಹಾಕಿ. ಗುಂಯ್ ಸದ್ದು ಹಾಗೇ ಉಳಿದರೆ ಹೆಚ್ಚಾಗಿ ಚಕ್ರದ ಬೇರಿಂಗ್, ಇಲ್ಲವೇ ಟೈರು. ಸದ್ದು ಆಕ್ಸಿಲರೇಟರ್, ರೀಜೆನ್‌ಗೆ (ಕಾಲೆತ್ತಿದಾಗ ಮೋಟಾರೇ ವೇಗ ತಗ್ಗಿಸಿ ಬ್ಯಾಟರಿ ತುಂಬುವುದು) ತಕ್ಕಂತೆ ಏರಿಳಿದರೆ ಮೋಟಾರ್ ಮೌಂಟ್ (ಮೋಟಾರನ್ನು ಹಿಡಿದಿಡುವ ಭಾಗ) ಅಥವಾ ರಿಡಕ್ಷನ್ ಗೇರ್ (ಮೋಟಾರಿನ ವೇಗ ತಗ್ಗಿಸಿ ಚಕ್ರಕ್ಕೆ ಕೊಡುವ ಗೇರ್) ಮೇಲೆ ಅನುಮಾನ. ಇಳಿದು ನೋಡಿದಾಗ ಒಂದೇ ಚಕ್ರದ ಬಳಿ ಕಾವು ಬಡಿದರೆ, ಅಲ್ಲಿ ಬ್ರೇಕ್ ಕಚ್ಚಿಕೊಂಡಿರಬಹುದು.