ಎರಡು ಕನ್ನಡಿಗಳ ನಡುವೆ ನಕ್ಷತ್ರ ಮೀನು

ಧಾರವಾಡದ ಕಾಲೇಜೊಂದರಲ್ಲಿ ಪ್ರಾಣಿಶಾಸ್ತ್ರ ಕಲಿಸುವ ನಾನು, ಕಡಲಜೀವಿಗಳ ಸಮಮಿತಿಯನ್ನು, ಅಂದರೆ ದೇಹದ ಭಾಗಗಳು ಒಂದಕ್ಕೊಂದು ಸರಿಹೊಂದುವ ಬಗೆಯನ್ನು, ಕನ್ನಡಿಯಿಟ್ಟು ತೋರಿಸುತ್ತೇನೆಂದಾಗ ಸಹೋದ್ಯೋಗಿಗಳು ಹಲಗೆಯ ಮೇಲಿನ ಚಿತ್ರವೇ ಸಾಕೆಂದಿದ್ದರು. ಈಗ ಅವರೇ ಆ ಕನ್ನಡಿಗಳನ್ನು ಎರವಲು ಕೇಳುತ್ತಾರೆ.

ಮೊದಲು ಸೋತದ್ದು ಮಾದರಿಗಳಲ್ಲಿ. ಕಾರವಾರದಲ್ಲಿ ಬಲೆಗೆ ಸಿಕ್ಕು ಸತ್ತ ನಕ್ಷತ್ರ ಮೀನುಗಳನ್ನು ಮಂಜುಗಡ್ಡೆಯಲ್ಲಿಟ್ಟು ಬಸ್ಸಿನಲ್ಲಿ ತಂದೆ. ಅರಬೈಲ್ ಘಟ್ಟ ಹತ್ತುವಷ್ಟರಲ್ಲಿ ಮಂಜು ಕರಗಿ, ಮನೆ ಮುಟ್ಟಿದಾಗ ತೋಳುಗಳು ಕಳಚಿದ್ದವು. ಎರಡನೆಯ ಸಲ ದಂಡೆಯಲ್ಲೇ, ಕೊಳೆಯದಂತೆ ತಡೆಯುವ ಫಾರ್ಮಲಿನ್‌ಗೆ ಹಾಕಿದರೂ, ಆಷಾಢದ ಜಿಟಿಜಿಟಿ ಮಳೆಯಲ್ಲಿ ಒಣಗದೆ ಬೂಷ್ಟು ಹಿಡಿದವು. ಜನವರಿಯಲ್ಲಿ ತಂದವಷ್ಟೇ ಉಳಿದವು. ಅಷ್ಟರಲ್ಲಿ ಸುಮಾರು ನಾಲ್ಕು ಸಾವಿರ ರೂಪಾಯಿ ಸ್ವಂತ ಜೇಬಿನಿಂದ ಹೋಗಿತ್ತು. ನಕ್ಷತ್ರ ಮೀನಿನ ಬಳಗದ್ದೇ ಆದ ಸಮುದ್ರ ಸೌತೆಯನ್ನು ಮಾತ್ರ ಮುಟ್ಟಲಿಲ್ಲ. ಅದು ವನ್ಯಜೀವಿ ಕಾಯಿದೆಯ ರಕ್ಷಣೆಯಲ್ಲಿದೆ.

ಎರಡು ಕನ್ನಡಿಗಳನ್ನು ಪುಸ್ತಕದಂತೆ 72 ಡಿಗ್ರಿಗೆ ತೆರೆದು, ಕಳಚಿದ ಒಂದೇ ತೋಳನ್ನು ನಟ್ಟನಡುವೆ ಇಟ್ಟರೆ ಐದು ತೋಳುಗಳ ಇಡೀ ಪ್ರಾಣಿ ಕಾಣಬೇಕು. ಆದರೆ ಗಾಜಿನ ಹಿಂಬದಿಗೆ ಲೇಪನವಿರುವುದರಿಂದ ಬಿಂಬಗಳ ನಡುವೆ ಕಪ್ಪು ಸೀಳು ಬಿತ್ತು. ತೆಳುವಾದ ಅಕ್ರಿಲಿಕ್ ಕನ್ನಡಿಯಿಂದ ಅದು ಬಹುಪಾಲು ಹೋಯಿತು. ಉಳಿದದ್ದನ್ನು ಹೇಗೆ ಮುಚ್ಚಿದೆನೆಂಬುದನ್ನು ಸದ್ಯಕ್ಕೆ ನನ್ನಲ್ಲೇ ಇಟ್ಟುಕೊಳ್ಳುತ್ತೇನೆ. ಜೆಲ್ಲಿ ಮೀನು ಕೆಡದಂತೆ ಇಡಲು ನನ್ನಿಂದಾಗಲಿಲ್ಲ. ಬದಲಿಗೆ ಪ್ರಯೋಗಾಲಯದ ಅಗಾರನ್ನೇ (ಕಡಲಪಾಚಿಯಿಂದ ತೆಗೆದ, ಜೆಲ್ಲಿಯಂತೆ ಗಟ್ಟಿಯಾಗುವ ಪದಾರ್ಥ) ಬಟ್ಟಲಿನಲ್ಲಿ ಹೆಪ್ಪುಗಟ್ಟಿಸಿ, ಕಾಲುಭಾಗ ಕೊಯ್ದು, ಅದರೊಳಗೆ ಕುದುರೆಲಾಳದಂಥ ಒಂದು ಜನನಗ್ರಂಥಿಯನ್ನು ಬರೆದು 90 ಡಿಗ್ರಿಯಲ್ಲಿಟ್ಟಾಗ, ಚಂದ್ರ ಜೆಲ್ಲಿ ಎಂಬ ಜೆಲ್ಲಿ ಮೀನಿನ ನಾಲ್ಕೂ ಗ್ರಂಥಿಗಳು ಮೂಡಿದವು.

ನಿಜವಾದ ಪಾಠ ಸಿಕ್ಕಿದ್ದು ಒಂಟಿ ಕನ್ನಡಿಯಲ್ಲಿ. ಒಣಗಿದ ಇಡೀ ನಕ್ಷತ್ರ ಮೀನಿನ ಬೆನ್ನಿನ ಮೇಲೆ, ಎರಡು ತೋಳುಗಳ ಸಂದಿನ ಕಡೆಗೆ ಸರಿದು, ಅಂಗಿಯ ಗುಂಡಿಗಿಂತ ಚಿಕ್ಕದಾದ, ಗೀರುಗೀರಾದ ಮ್ಯಾಡ್ರಿಪೊರೈಟ್, ಅಂದರೆ ದೇಹದ ನೀರಿನ ನಾಳಗಳಿಗೆ ಬಾಯಿಯಾದ ಜರಡಿಯಂಥ ಬಿಲ್ಲೆ, ಇರುತ್ತದೆ. ಕನ್ನಡಿಯನ್ನು ಒಂದೊಂದೇ ತೋಳಿನ ಗುಂಟ ನಿಲ್ಲಿಸುತ್ತಿದ್ದ ವಿದ್ಯಾರ್ಥಿನಿಯೊಬ್ಬಳು, "ಸರ್, ಇಲ್ಲಿ ಗುಂಡಿ ಎರಡ ಆದ್ವು ನೋಡ್ರಿ," ಎಂದಳು. ಐದು ಗೆರೆಗಳಲ್ಲಿ ಗುಂಡಿಯನ್ನೇ ಸೀಳಿಹೋಗುವ ಒಂದರಲ್ಲಿ ಮಾತ್ರ ಪ್ರಾಣಿ ಇದ್ದಂತೆಯೇ ಕಾಣುತ್ತದೆ. ಉಳಿದ ನಾಲ್ಕರಲ್ಲಿ ಗುಂಡಿ ಇಮ್ಮಡಿಯಾಗುತ್ತದೆ, ಇಲ್ಲವೇ ಮಾಯವಾಗುತ್ತದೆ. ಅರೀಯ ಸಮಮಿತಿ (ನಡುವಿನಿಂದ ಸುತ್ತಲೂ ಒಂದೇ ಥರ) ಎಂದು ನಾವು ಬಾಯಿಪಾಠ ಮಾಡಿಸುವ ಈ ಜೀವಿ ಲಾರ್ವಾ ಅಂದರೆ ಮರಿ ಹಂತದಲ್ಲಿ ದ್ವಿಪಾರ್ಶ್ವ ಸಮಮಿತಿಯದು, ಎಡ ಬಲ ಎರಡೇ ಸಮಪಾಲಿನದು ಎಂಬುದನ್ನು ಆ ದಿನ ಯಾರಿಗೂ ಎರಡು ಸಲ ಹೇಳಬೇಕಾಗಲಿಲ್ಲ.

ಅದೇ ಹುರುಪಿನಲ್ಲಿ ಚಪ್ಪಟೆ ಮೈಯ ನಂಗು ಮೀನನ್ನೂ ತಂದೆ. ಮರಿಯಿದ್ದಾಗ ಎರಡು ಬದಿಗೂ ಒಂದೊಂದಿರುವ ಕಣ್ಣುಗಳಲ್ಲಿ ಒಂದು, ಬೆಳೆಯುತ್ತ ಇನ್ನೊಂದರ ಪಕ್ಕಕ್ಕೆ ಸರಿದುಬಿಡುವುದರಿಂದ, ಕನ್ನಡಿಯನ್ನು ಎಲ್ಲಿಟ್ಟರೂ ಆ ಮುಖ ಮಾತ್ರ ಕೂಡಲಿಲ್ಲ.