ಎಡಗಡೆ ಡೋರಿನ ಸ್ಪೀಕರ್ ಗೊರಗೊರ ಅಂದಾಗ ನಾನು ಮಾಡಿದ್ದು

ಕಾರಿನ ಸ್ಪೀಕರ್‌ನಿಂದ ಒಡೆದ ಸೌಂಡ್ ಬರುತ್ತಿದ್ದರೆ ಅಂಗಡಿಗೆ ಹೋಗುವ ಮೊದಲು ಸ್ಟೀರಿಯೊದ ಬ್ಯಾಲೆನ್ಸ್ (ಸೌಂಡನ್ನು ಎಡಕ್ಕೆ ಬಲಕ್ಕೆ ತಳ್ಳುವುದು), ಫೇಡರ್ (ಹಿಂದೆ ಮುಂದೆ ತಳ್ಳುವುದು) ತಿರುಗಿಸಿ ನೋಡಿ. ನನ್ನ ಹಳೇ ಕಾರನ್ನು ತುಮಕೂರಿನ ಬಿ.ಎಚ್. ರೋಡಿನ ಒಂದು ಅಂಗಡಿಗೆ ಒಯ್ದಿದ್ದೆ. ಅರ್ಧ ಹಾಡು ಕೇಳಿ, 'ನಾಲ್ಕೂ ಹೋಗಿದೆ ಸಾರ್, ಜೊತೆಗೊಂದು ಆಂಪ್ಲಿಫೈಯರ್ ಹಾಕಿಬಿಡೋಣ' ಅಂದರು. ನಾಲ್ಕೂ ಒಟ್ಟಿಗೆ ಹೋಗೋಕೆ ಅವೇನು ಮಾತಾಡಿಕೊಂಡಿದ್ದವಾ? ಆಮೇಲೆ ಬರ್ತೀನಿ ಅಂತ ಹೇಳಿ ಮನೆಗೆ ಬಂದೆ.

ಮನೆ ಮುಂದೆ ನಿಲ್ಲಿಸಿ ಸೌಂಡನ್ನು ಒಂದೊಂದೇ ಮೂಲೆಗೆ ತಳ್ಳಿದೆ. ಮೂರು ಕಡೆ ಚೆನ್ನಾಗಿಯೇ ಇತ್ತು. ಮುಂದಿನ ಎಡಗಡೆ ಡೋರಿಗೆ ಬಂದ ತಕ್ಷಣ ಗೊರಗೊರ. ಬ್ಲೂಟೂತ್ ಬಿಟ್ಟು ರೇಡಿಯೊ ಹಾಕಿದೆ, ವಾರ್ತೆ ಓದುವವರಿಗೂ ಗಂಟಲು ಕಟ್ಟಿದ ಹಾಗಿತ್ತು, ಅಂದರೆ ಫೋನಿನದ್ದೇನೂ ತಪ್ಪಿಲ್ಲ. ವಾಲ್ಯೂಮ್ ತೀರಾ ಕಡಿಮೆ ಮಾಡಿದರೂ ಅದೇ ಕತೆ. ಇದು ಮುಖ್ಯ. ಜೋರಾಗಿ ಇಟ್ಟಾಗ ಮಾತ್ರ ಒಡೆದರೆ ಸಾಮಾನ್ಯವಾಗಿ ಬಾಸ್ ಜಾಸ್ತಿಯಾಗಿರುತ್ತದೆ ಅಥವಾ ಸ್ಟೀರಿಯೊಗೆ ಅದರ ಶಕ್ತಿ ಮೀರಿ ಕೆಲಸ ಕೊಟ್ಟಿರುತ್ತೇವೆ. ಮೆಲ್ಲಗಿದ್ದಾಗಲೂ ಒಡೆದರೆ ಅನುಮಾನ ಸ್ಪೀಕರ್ ಮೇಲೆ, ವೈರ್ ಮೇಲೆ. ಡೋರ್ ಪ್ಯಾಡ್, ಅಂದರೆ ಡೋರಿನ ಒಳಗಡೆಯ ಹೊದಿಕೆ, ಅದುರಿಯೂ ಇಂಥ ಸದ್ದು ಬರುತ್ತದೆ, ಆದರೆ ಅಂಗೈಯಲ್ಲಿ ಒತ್ತಿ ಹಿಡಿದರೂ ನಿಲ್ಲಲಿಲ್ಲ.

ಮುಂದಿನದು ಸ್ಟೀರಿಯೊ ಹೊರಗೆಳೆಯುವ ಕೆಲಸ. ಹೊರಗಿನಿಂದ ಹಾಕಿಸಿದ ಸ್ಟೀರಿಯೊಗಳಲ್ಲಿ ಸಾಮಾನ್ಯವಾಗಿ ಬಿಳಿ ಜೋಡಿ ಮುಂದಿನ ಎಡಕ್ಕೆ, ಬೂದು ಜೋಡಿ ಮುಂದಿನ ಬಲಕ್ಕೆ. ಕಪ್ಪು ಗೆರೆ ಇರುವುದು ಮೈನಸ್. ಸ್ಟೀರಿಯೊ ಆಫ್ ಮಾಡಿ ಎರಡೂ ಜೋಡಿ ಅದಲುಬದಲು ಮಾಡಿದೆ. ಸದ್ದು ಬಲಗಡೆಗೆ ಹೋಗಿದ್ದರೆ ಸ್ಟೀರಿಯೊ ಒಳಗೇ ತೊಂದರೆ ಅಂತ ಅರ್ಥ. ಹೋಗಲಿಲ್ಲ, ಎಡಗಡೆಯೇ ಉಳಿಯಿತು. ಒಂದು ಎಚ್ಚರ: ಆ ಮೈನಸ್ ವೈರನ್ನು ಕಾರಿನ ಲೋಹದ ಮೈಗೆ ಮುಟ್ಟಿಸಬೇಡಿ. ಇಂಥ ಸ್ಟೀರಿಯೊಗಳಲ್ಲಿ ಅದು ಅರ್ತ್ ಅಲ್ಲ, ಒಳಗಿನ ಐಸಿ (ಚಿಪ್) ಸುಟ್ಟು ಹೋಗಬಹುದು.

ಡೋರ್ ಪ್ಯಾಡ್ ಬಿಚ್ಚಿ, ಮೂಲೆಯಲ್ಲಿ ಬಿದ್ದಿದ್ದ ಹಳೇ ಕಂಪನಿ ಸ್ಪೀಕರನ್ನು ಅದೇ ವೈರಿಗೆ ಸಿಕ್ಕಿಸಿದೆ. ಸೌಂಡ್ ಸ್ವಚ್ಛ! ವೈರ್ ಸರಿಯಿದೆ, ಸ್ಪೀಕರೇ ಕೆಟ್ಟಿದೆ. ಕುತೂಹಲಕ್ಕೆ ಕೆಟ್ಟ ಸ್ಪೀಕರಿಗೆ ಮಲ್ಟಿಮೀಟರ್ ಇಟ್ಟೆ, 3.6 ಓಮ್ ತೋರಿಸಿತು. 4 ಓಮ್ ಸ್ಪೀಕರಿಗೆ ಮೀಟರಿನಲ್ಲಿ ಸ್ವಲ್ಪ ಕಡಿಮೆ ಬರುವುದು ಸಹಜ, ಹಾಗಾಗಿ ಮೀಟರ್ ಪ್ರಕಾರ ಇದು ಗಟ್ಟಿಮುಟ್ಟು. ಮೀಟರನ್ನೇ ನಂಬಿ ಕೂತರೆ ಆಯ್ತು ಕತೆ. ಸ್ಪೀಕರಿನ ಮುಂದೆ ಅದುರುವ ಪೇಪರ್ ಬಟ್ಟಲು, ಅಂದರೆ ಕೋನಿನ ಎರಡೂ ಬದಿಗೆ ಬೆರಳಿಟ್ಟು ಮೆಲ್ಲಗೆ ಒಳಗೆ ಒತ್ತಿದಾಗ ಕರಕರ ಅಂತ ಉಜ್ಜುವುದು ಬೆರಳಿಗೇ ಗೊತ್ತಾಯಿತು. ಕೋನಿನ ಹಿಂದೆ ಇರುವ ತಂತಿ ಸುರುಳಿ, ಅಂದರೆ ವಾಯ್ಸ್ ಕಾಯಿಲ್, ಮ್ಯಾಗ್ನೆಟ್ಟಿನ ಸಂದಿಗೆ ತಾಗುತ್ತಿತ್ತು. ತಿರುಗಿಸಿ ನೋಡಿದರೆ ಫ್ರೇಮ್ ತುಂಬಾ ತುಕ್ಕು, ಪೇಪರ್ ಕೋನಿನ ಕೆಳಭಾಗ ನೀರು ಕುಡಿದು ಉಬ್ಬಿತ್ತು.

ನೀರು ಎಲ್ಲಿಂದ ಬಂತು? ಮಳೆ ಬಂದಾಗ, ಕಾರ್ ತೊಳೆದಾಗ ಗ್ಲಾಸಿನ ಪಕ್ಕದಿಂದ ಡೋರ್ ಒಳಗೆ ನೀರು ಇಳಿದೇ ಇಳಿಯುತ್ತದೆ, ಕೆಳಗಿನ ತೂತುಗಳಿಂದ ಹೊರಗೆ ಹೋಗುತ್ತದೆ. ನನ್ನ ಕಾರಿನಲ್ಲಿ ಡೋರಿಗೆ ಅಂಟಿಸಿದ ಪ್ಲಾಸ್ಟಿಕ್ ಶೀಟಿನದೇ ಒಂದು ತುಂಡು ಸ್ಪೀಕರ್ ಬೆನ್ನ ಮೇಲೆ ಮನೆಯ ಸಜ್ಜಾ ಥರ ಬಾಗಿರುತ್ತದೆ. ಹಿಂದೆ ಆ ಕಡೆಯ ಪವರ್ ವಿಂಡೋ ರಿಪೇರಿ ಮಾಡಿದವರು ಶೀಟನ್ನು ಬ್ಲೇಡಿನಲ್ಲಿ ಕೊಯ್ದು ಹಾಗೇ ಬಿಟ್ಟಿದ್ದರು. ತೂತುಗಳಲ್ಲೋ, ಗುಬ್ಬಿ ಕಡೆಯ ಮಣ್ಣು ರಸ್ತೆ ಧೂಳು ಗಟ್ಟಿಯಾಗಿ ಕೂತಿತ್ತು. ಹೀಗಿರುವಾಗ ಎಷ್ಟೇ ದುಬಾರಿ ಸ್ಪೀಕರ್ ಹಾಕಿದರೂ ಎರಡು ಮಳೆಗಾಲಕ್ಕೆ ಅದೇ ಗತಿ ಅಲ್ವಾ?

ಕಾಯಿಲ್ ಬದಲಿಸಿ ರಿಪೇರಿ ಮಾಡಿಕೊಡುವವರು ಸಿಗುತ್ತಾರೆ, ಆದರೆ ಕೋನೇ ಉಬ್ಬಿದ ಮೇಲೆ ಅದು ಸುಮ್ನೆ ದಂಡ. ಎಡಬಲ ಒಂದೇ ಥರ ಕೇಳಲಿ ಅಂತ ಮುಂದಿನ ಜೋಡಿ ಮಾತ್ರ ಹೊಸದು ತಂದೆ, ಹಿಂದಿನವು ಇದ್ದ ಹಾಗೇ ಇವೆ. ಸ್ಕ್ರೂ ಬಿಗಿಯುವ ಮುಂಚೆ ಒಂದೂವರೆ ವೋಲ್ಟ್ ಸೆಲ್ಲನ್ನು ಕ್ಷಣಮಾತ್ರ ಮುಟ್ಟಿಸಿದೆ. ಸೆಲ್ಲಿನ ಪ್ಲಸ್ಸು ಸ್ಪೀಕರಿನ ಪ್ಲಸ್ಸಿಗೆ ತಾಗಿದರೆ ಕೋನ್ ಹೊರಗೆ ಹಾರಬೇಕು. ಒಂದು ಕಡೆ ಉಲ್ಟಾ ಆಗಿದ್ದರೆ ಒಡೆದ ಸದ್ದು ಬರುವುದಿಲ್ಲ, ಬಾಸ್ ಮಾತ್ರ ಮಾಯವಾಗುತ್ತದೆ. ತೂತುಗಳನ್ನು ತಂತಿಯಲ್ಲಿ ಚುಚ್ಚಿ ಬಿಡಿಸಿದೆ, ದಪ್ಪ ಪ್ಲಾಸ್ಟಿಕ್ ಶೀಟ್ ಕತ್ತರಿಸಿ ಬ್ಯುಟೈಲ್ ಟೇಪಿನಲ್ಲಿ (ರಬ್ಬರಿನಂಥ ಅಂಟು ಟೇಪ್) ಅಂಟಿಸಿ ಸಜ್ಜಾ ಮತ್ತೆ ಕಟ್ಟಿದೆ.

ಹೊಸದೂ ಪೂರ್ತಿ ವಾಲ್ಯೂಮಿನಲ್ಲಿ ಸ್ವಲ್ಪ ಒಡೆಯುತ್ತಿತ್ತು. ಅದು ಬೇರೆ ಕಾಯಿಲೆ. ಸ್ಟೀರಿಯೊ ಡಬ್ಬಿ ಮೇಲೆ 50 ವ್ಯಾಟ್ x 4 ಅಂತ ಬರೆದಿದ್ದರೂ ಇಂಥ ಸ್ಟೀರಿಯೊಗಳು ನಿರಂತರವಾಗಿ ಕೊಡುವುದು ಅದರ ಅರ್ಧಕ್ಕಿಂತ ಕಡಿಮೆ. ಬಾಸ್ ಬೂಸ್ಟ್ ತೆಗೆದು, ತೀರಾ ಕೆಳಗಿನ ಬಾಸನ್ನು ತಡೆಯುವ ಹೈಪಾಸ್ ಫಿಲ್ಟರ್ 80 ಹರ್ಟ್ಜ್‌ಗೆ ಇಟ್ಟೆ. ಗುಡುಗುಡು ಸ್ವಲ್ಪ ಕಡಿಮೆಯಾಯಿತು, ಆದರೆ ಈಗ ಕ್ಯಾತ್ಸಂದ್ರ ಟೋಲ್ ದಾಟಿ ಹೈವೇ ಸದ್ದಿನಲ್ಲಿ ಜೋರಾಗಿ ಇಟ್ಟರೂ ಮಾತು ಬಿಡಿಬಿಡಿಯಾಗಿ ಕೇಳುತ್ತದೆ.