ಮಾತಾಡ್ತಾ ಓಡಿದ 21 ಕಿಲೋಮೀಟರ್

ಕಳೆದ ವರ್ಷ ಏಪ್ರಿಲ್‌ನಲ್ಲಿ ಒಂದು ದಿನ ಬಸ್ ಹಿಡಿಯಲು ಐವತ್ತು ಮೀಟರ್ ಓಡಿದೆ. ಹತ್ತಿದ್ದೂ ಆಯ್ತು, ಸೀಟೂ ಸಿಕ್ಕಿತು. ಕಂಡಕ್ಟರ್ "ಎಲ್ಲಿಗೆ?" ಅಂದರು. "ಬನ..." ಅಂದವನು ಅಲ್ಲೇ ನಿಂತೆ. "ಶಂಕರಿ" ಅನ್ನಲು ಉಸಿರಿರಲಿಲ್ಲ. ಅವರು ಪಾಪ, ತಾವೇ ಪೂರ್ತಿ ಮಾಡಿ ಟಿಕೆಟ್ ಕೊಟ್ಟರು. ನನಗಾಗ 44 ವರ್ಷ.

ಜೂನ್‌ನಲ್ಲಿ ಒಂದು ರನ್ನಿಂಗ್ ಕ್ಲಬ್ ಸೇರಿದೆ. ಅಕ್ಟೋಬರ್‌ನಲ್ಲಿ ಹಾಫ್ ಮ್ಯಾರಥಾನ್ ಇತ್ತು, ಅಂದರೆ 21.0975 ಕಿಲೋಮೀಟರ್. ತಯಾರಿಗೆ ಸಿಕ್ಕಿದ್ದು 16 ವಾರ. ಮೊದಲ ದಿನ ಲಾಲ್‌ಬಾಗ್‌ನಲ್ಲಿ ಎಲ್ಲರ ಮುಂದೆ ಮಾನ ಉಳಿಸಿಕೊಳ್ಳಬೇಕು ಅಂತ ಜೋರಾಗಿ ಓಡಿದೆ. ಒಂದು ಕಿಲೋಮೀಟರ್ ಆಗುವಷ್ಟರಲ್ಲಿ ಸೊಂಟಕ್ಕೆ ಕೈ ಕೊಟ್ಟು ನಿಂತಿದ್ದೆ. ಕೋಚ್ ನನಗಿಂತ ಹದಿನೈದು ವರ್ಷ ಚಿಕ್ಕವರು. ಹತ್ತಿರ ಬಂದು, "ಸರ್, ಓಡ್ತಾ ನಿಮ್ಮ ಮನೆ ಅಡ್ರೆಸ್ ಪೂರ್ತಿ ಹೇಳಿ ನೋಡೋಣ. ಹೇಳೋಕಾಗಲ್ಲ ಅಂದ್ರೆ ಸ್ಪೀಡ್ ಜಾಸ್ತಿ ಆಯ್ತು ಅಂತ ಅರ್ಥ," ಅಂದರು.

ಪಿನ್‌ಕೋಡ್ ಸಮೇತ ಅಡ್ರೆಸ್ ಹೇಳುವಷ್ಟು ನಿಧಾನಕ್ಕೆ ಓಡಿದಾಗ ನನ್ನ ವೇಗ ಕಿಲೋಮೀಟರಿಗೆ 9 ನಿಮಿಷಕ್ಕೆ ಇಳಿಯಿತು. ವಾಕಿಂಗ್ ಬಂದ ತಾತಂದಿರು ಪಕ್ಕದಲ್ಲೇ ಬರುತ್ತಿದ್ದರು. ನಾಚಿಕೆ ಆಗ್ತಿತ್ತು, ಸುಳ್ಳು ಯಾಕೆ ಹೇಳಲಿ. ಓಟ ಮುಗಿಸಿ ಕೆಂಪೇಗೌಡ ಗೋಪುರದ ಬಂಡೆ ಮೇಲೆ ಕೂತಾಗ ಸ್ವಲ್ಪ ಸಮಾಧಾನ. ಆ ಬಂಡೆಗೆ ಸುಮಾರು 300 ಕೋಟಿ ವರ್ಷ ಅಂತಾರೆ. ಅದರ ಮುಂದೆ ನನ್ನ 9 ನಿಮಿಷ ಯಾವ ಲೆಕ್ಕ!

ವಾರಕ್ಕೆ ಮೂರು ದಿನ ಓಟ. ಮಂಗಳವಾರ ಐದಾರು ಕಿಲೋಮೀಟರ್ ಹಗುರವಾಗಿ. ಗುರುವಾರ ಬುಲ್ ಟೆಂಪಲ್ ರಸ್ತೆಯಲ್ಲಿ ಏರು ಹತ್ತೋದು, ಇಳಿಯೋದು. ಭಾನುವಾರ ಕಬ್ಬನ್ ಪಾರ್ಕಿನಲ್ಲಿ ಉದ್ದದ ಓಟ. ಅಲ್ಲಿ ಭಾನುವಾರ ಬೆಳಿಗ್ಗೆ ಗಾಡಿಗಳ ಕಾಟ ಇಲ್ಲ, ನೆರಳೂ ಇದೆ. ಆದರೆ ಆ ಹೊತ್ತಿಗೆ ಮೆಟ್ರೋ ಶುರುವಾಗಿರಲ್ಲ. ನಾಲ್ಕೂ ಮುಕ್ಕಾಲಿಗೆ ಎದ್ದು, ಬೀದಿನಾಯಿಗಳ ಮರ್ಜಿ ಕಾದು ಸ್ಕೂಟರ್ ತೆಗೆಯಬೇಕು.

ನಾನು ಮಾತಾಡುತ್ತಾ ಓಡಲು ನಿಜವಾಗಿ ಕಲಿತದ್ದು ನಮ್ಮ ಗುಂಪಿನ ಅಕ್ಕನಿಂದ. ವಯಸ್ಸು 58, ಬ್ಯಾಂಕಿನಿಂದ ಸ್ವಯಂ ನಿವೃತ್ತಿ ಪಡೆದವರು. ನಾವೆಲ್ಲ ಅಕ್ಕ ಅಂತಲೇ ಕರೆಯೋದು. ಅವರದ್ದು ಕೆಂಗೇರಿ ಕಡೆ ಒಂದು ಸೈಟಿನ ತಗಾದೆ ಇತ್ತು, ಮೈದುನನ ಜೊತೆ. ಆ ಕಥೆ ಪ್ರತಿ ಭಾನುವಾರ ಧಾರಾವಾಹಿ ಥರ ಮುಂದುವರಿಯುತ್ತಿತ್ತು. ಲೈಬ್ರರಿಯ ಕೆಂಪು ಕಟ್ಟಡದ ಹತ್ತಿರ ಖಾತೆ ಮಾಡಿಸೋ ವಿಷಯ ಶುರುವಾದರೆ ಹೈಕೋರ್ಟಿನ ಹಿಂಭಾಗಕ್ಕೆ ಬರುವಷ್ಟರಲ್ಲಿ ವಕೀಲರು ಬಂದಿರುತ್ತಿದ್ದರು. ನಡುವೆ ನನ್ನಿಂದ "ಹೌದಾ?", "ಆಮೇಲೆ?" ಬರಲೇಬೇಕು. ಬರದಿದ್ದರೆ ಅಕ್ಕ ತಾವೇ ವೇಗ ಇಳಿಸುತ್ತಿದ್ದರು. ಗಡಿಯಾರಕ್ಕಿಂತ ಈ "ಆಮೇಲೆ?" ನನಗೆ ಜಾಸ್ತಿ ಉಪಯೋಗಕ್ಕೆ ಬಂತು.

ಐದನೇ ವಾರ ಎಡವಟ್ಟು ಮಾಡಿಕೊಂಡೆ. ನನ್ನದು ಅಕೌಂಟ್ಸ್ ಕೆಲಸ. ತಿಂಗಳ 20ನೇ ತಾರೀಖು ಹತ್ತಿರ ಬಂದರೆ ಜಿಎಸ್‌ಟಿ ರಿಟರ್ನ್ ಗಲಾಟೆ. ಆ ವಾರ ಒಂದು ದಿನವೂ ಓಡಲಿಲ್ಲ. ಬಾಕಿ ತೀರಿಸುವವನ ಹಾಗೆ ಮುಂದಿನ ಭಾನುವಾರ 10ರಿಂದ ಸೀದಾ 15 ಕಿಲೋಮೀಟರಿಗೆ ಹಾರಿದೆ. ಅವತ್ತು ಏನೂ ಆಗಲಿಲ್ಲ. ಮಾರನೇ ದಿನ ಮೊಣಕಾಲಿನ ಕೆಳಗೆ, ಕಾಲಿನ ಮುಂದಿನ ಮೂಳೆಯ ಒಳಪಕ್ಕ ಬೆರಳಿಟ್ಟರೆ ಜೀವ ಹೋಗುವಷ್ಟು ನೋವು. ಫಿಸಿಯೋಥೆರಪಿಸ್ಟ್ ಹೇಳಿದ್ದು ಇಷ್ಟು: ಉಸಿರಾಟ, ಹೃದಯ ಬೇಗ ಒಗ್ಗಿಕೊಳ್ಳುತ್ತವೆ. ಮೂಳೆ, ಸ್ನಾಯುಬಂಧಗಳಿಗೆ ಅದಕ್ಕಿಂತ ಎಷ್ಟೋ ಹೆಚ್ಚು ಸಮಯ ಬೇಕು. ದಮ್ಮಿದೆ ಅಂತ ದೂರ ಏರಿಸಿದರೆ ಕಾಲು ಬೆಲೆ ಕೊಡುತ್ತೆ.

ಎರಡು ವಾರ ಓಟ ಬಂದ್. ದಿನಾ ಮೆಟ್ಟಿಲಂಚಿನಲ್ಲಿ ಮುಂಗಾಲೂರಿ ನಿಂತು ಹಿಮ್ಮಡಿ ಎತ್ತೋದು, ನಿಧಾನಕ್ಕೆ ಇಳಿಸೋದು. ಒಂದು ಸಲಕ್ಕೆ ಹದಿನೈದರಂತೆ ಮೂರು ಸಲ. ಮೆಟ್ಟಿಲಲ್ಲಿ ಹೀಗೆ ಏರಿಳಿಯುವ ನನ್ನನ್ನು ಕೆಳಗಿನ ಮನೆಯವರು ವಿಚಿತ್ರವಾಗಿ ನೋಡುತ್ತಿದ್ದರು. ಮತ್ತೆ ಶುರು ಮಾಡಿದ್ದು 8 ಕಿಲೋಮೀಟರಿನಿಂದ. ಆಮೇಲೆ ಒಂದೋ ಎರಡೋ ಕಿಲೋಮೀಟರ್ ಮಾತ್ರ ಏರಿಸುತ್ತಾ 18ಕ್ಕೆ ಬಂದೆ. ಪೂರ್ತಿ 21 ಅಭ್ಯಾಸದಲ್ಲಿ ಓಡಲೇ ಇಲ್ಲ, ಕೋಚ್ ಬಿಡಲಿಲ್ಲ. ಕೊನೆಯ ಎರಡು ವಾರ ದೂರ ಕಡಿಮೆ ಮಾಡಿಸಿದರು. ಆ ದಿನಗಳಲ್ಲಿ ಕಾಲು ಸುಮ್ನೆ ತುರಿಸುತ್ತಿತ್ತು, ಓಡಬೇಕು ಅಂತ.

ಯಾರೂ ಮೊದಲೇ ಹೇಳದ ಸಂಗತಿಗಳೂ ಇವೆ. 14 ಕಿಲೋಮೀಟರ್ ಓಡಿ ಮನೆಗೆ ಬಂದಾಗ ಹೆಂಡತಿ ಬಾಗಿಲಲ್ಲೇ ಗಾಬರಿಯಾದಳು. ಬಿಳಿ ಟೀ ಶರ್ಟಿನ ಎದೆ ಮೇಲೆ ಎರಡು ಕೆಂಪು ಗೆರೆ ಇಳಿದಿದ್ದವು. ಒದ್ದೆ ಬಟ್ಟೆ ಉಜ್ಜಿ ಮೊಲೆತೊಟ್ಟು ಕಿತ್ತು ರಕ್ತ ಬಂದಿತ್ತು! ಅಲ್ಲಿಂದ ಮುಂದೆ ವ್ಯಾಸಲೀನ್ ಹಚ್ಚದೆ ಮನೆ ಬಿಟ್ಟಿಲ್ಲ, ತೊಡೆ ಸಂದಿಗೂ ಸೇರಿಸಿ. ಶೂ ಅರ್ಧ ಸೈಜ್ ದೊಡ್ಡದಿರಲಿ, ಓಡುತ್ತಾ ಪಾದ ಊದಿಕೊಳ್ಳುತ್ತೆ. ಇದು ಗೊತ್ತಾಗುವಷ್ಟರಲ್ಲಿ ನನ್ನ ಹೆಬ್ಬೆರಳಿನ ಉಗುರು ಕಪ್ಪಾಗಿತ್ತು. ಓಡುತ್ತಾ ಶಕ್ತಿಗೆ ಅಂತ ತಿನ್ನುವ ಸಿಹಿ ಎನರ್ಜಿ ಜೆಲ್ ನನ್ನ ಹೊಟ್ಟೆಗೆ ಆಗಿ ಬರಲಿಲ್ಲ. ಬೀಜ ತೆಗೆದ ಖರ್ಜೂರ, ಮೇಲೆ ಒಂದು ಚಿಟಿಕೆ ಉಪ್ಪು, ನನಗೆ ಅದೇ ಸರಿ ಹೋಯ್ತು.

ಓಟದ ದಿನ ರಾತ್ರಿಯ ಮಳೆ ನಿಂತು ರಸ್ತೆ ಹೊಳೆಯುತ್ತಿತ್ತು. ಕಿಲೋಮೀಟರಿಗೆ 7 ನಿಮಿಷ 15 ಸೆಕೆಂಡಿನಂತೆ ಹೋಗೋದು ಅಂತ ಅಕ್ಕನ ಜೊತೆ ಒಪ್ಪಂದ ಆಗಿತ್ತು. ಆರಂಭದಲ್ಲೇ ತಮಟೆ ಹೊಡೆಯುತ್ತಿದ್ದರು ನೋಡಿ, ನನ್ನ ತಲೆ ಕೆಟ್ಟಿತು. ಅಕ್ಕನನ್ನು ಹಿಂದೆ ಬಿಟ್ಟು ಮೊದಲ ಐದು ಕಿಲೋಮೀಟರನ್ನು ತಲಾ 6 ನಿಮಿಷ 20 ಸೆಕೆಂಡಿನಂತೆ ಓಡಿದೆ. 16 ವಾರ ಕಲಿತದ್ದು ತಮಟೆ ಸದ್ದಿಗೆ ಹಾರಿ ಹೋಯ್ತು!

ಹದಿಮೂರರವರೆಗೆ ನಾನೇ ರಾಜ. ಹದಿನಾಲ್ಕಕ್ಕೆ ತೊಡೆ ಕಲ್ಲಾಯಿತು. ಬೆಂಗಳೂರು ಸಮತಟ್ಟಾದ ಊರು ಅಂತ ಯಾರು ಹೇಳಿದರೋ! ಬಸ್ಸಲ್ಲಿ ಹೋಗುವಾಗ ಗಮನಕ್ಕೇ ಬರದ ಏರುಗಳೆಲ್ಲ ಅವತ್ತು ಒಂದೊಂದಾಗಿ ಎದ್ದು ನಿಂತವು. ನಡೆಯಲು ಶುರು ಮಾಡಿದೆ. ನೀರು ಕೊಡುತ್ತಿದ್ದ ಹುಡುಗ "ಎಷ್ಟನೇ ಸಲ ಅಂಕಲ್?" ಅಂದ. "ಮೊದ..." ಅಂದೆ. ಮುಂದೆ ಮಾತು ಹೊರಡಲಿಲ್ಲ. ಮತ್ತದೇ ಬಸ್ಸು.

16ನೇ ಕಿಲೋಮೀಟರ್ ಫಲಕ ದಾಟಿದ ಮೇಲೆ ಹಿಂದಿನಿಂದ ಪರಿಚಯದ ಹೆಜ್ಜೆ ಸದ್ದು. ಅಕ್ಕ ಬೈಯಲಿಲ್ಲ. ಪಕ್ಕಕ್ಕೆ ಬಂದು ವೇಗ ಇಳಿಸಿ, "ಎಲ್ಲಿಗೆ ನಿಲ್ಲಿಸಿದ್ದೆ ನಾನು?" ಅಂದರು.

"ಸರ್ವೇಯರ್... ಬಂದಿದ್ದ," ಅಂದೆ.

"ಹಾಂ. ಟೇಪ್ ಹಿಡಿದ. ನಮ್ಮ ಮೈದುನನ ಕಾಂಪೌಂಡು ನಮ್ಮ ಸೈಟೊಳಗೆ ಎರಡಡಿ ಬಂದಿದೆ!"

"ಆಮೇಲೆ?"

ಹಾಗೇ ಐದು ಕಿಲೋಮೀಟರ್. ಎರಡು ಏರಿನಲ್ಲಿ ಇಬ್ಬರೂ ನಡೆದೆವು, ಮಾತು ಮಾತ್ರ ನಿಲ್ಲಲಿಲ್ಲ. ಗೆರೆ ದಾಟಿದಾಗ ನನ್ನ ಸಮಯ 2 ಗಂಟೆ 41 ನಿಮಿಷ. ಒಪ್ಪಂದದಂತೆ ಓಡಿದ್ದರೆ 2:33 ಆಗುತ್ತಿತ್ತು, ಅಕೌಂಟೆಂಟ್ ಅಲ್ವಾ, ನಿಂತಲ್ಲೇ ಲೆಕ್ಕ ಹಾಕಿದೆ. ನನಗಾಗಿ ನಿಧಾನ ಮಾಡಿದ್ದಕ್ಕೆ ಅಕ್ಕನದ್ದೂ ಐದು ನಿಮಿಷವಾದರೂ ಹೋಗಿರಬೇಕು. ಕೇಳಿದರೆ, "ಅಯ್ಯೋ ಬಿಡಪ್ಪಾ, ಮೊದಲು ಇಡ್ಲಿ ಎಲ್ಲಿದೆ ನೋಡು," ಅಂದರು.

ಸೈಟಿನ ಕಥೆ ಮಾತ್ರ ಅವತ್ತೂ ಮುಗಿಯಲಿಲ್ಲ. ಮೈದುನ ಮೇಲ್ಮನವಿ ಹಾಕಿದ್ದಾನಂತೆ. ಮುಂದಿನದು ಭಾನುವಾರ, ಲೈಬ್ರರಿ ಹತ್ತಿರ, ಐದೂವರೆಗೆ.